ಹಿಮದ ಪೆಟ್ಟಿಗೆಯಲ್ಲಿ ಬಿಸಿಗಂಜಿ

ಬೇಸಿಗೆಯ ಭಾನುವಾರಗಳಲ್ಲಿ ಅಮೆರಿಕದ ಸಂಸಾರವಂದಿಗರು ವನಭೋಜನಕ್ಕೆ ಹೊರಡುವಾಗ ಕಾರಿನ ಹಿಂಭಾಗದಲ್ಲಿ ಇಟ್ಟುಕೊಂಡು ಹೋಗುವ ಕೂಲರ್ ಎಂಬ ಪೆಟ್ಟಿಗೆ, ಅಂದರೆ ನಾವು ಐಸ್ ಬಾಕ್ಸ್ ಎನ್ನುವ ಆ ದಪ್ಪ ಗೋಡೆಯ ಪಾತ್ರೆ, ಮಂಜುಗಡ್ಡೆಯನ್ನು ಕರಗದಂತೆ ಕಾಪಾಡುವುದಕ್ಕಾಗಿಯೇ ಹುಟ್ಟಿದ್ದು. ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಪಟ್ಟಣದ ರಿಚರ್ಡ್ ಲಾರಮಿ ಎಂಬಾತನು ಕೈಯಲ್ಲಿ ಹೊತ್ತೊಯ್ಯಬಹುದಾದ ಹಿಮಪೆಟ್ಟಿಗೆಯೊಂದಕ್ಕೆ 1953ರಲ್ಲಿ ಪೇಟೆಂಟ್ ಪಡೆದಾಗಲಾಗಲಿ, ಮುಂದೆ ಅದರ ಲೋಹದ ಒಳಗೋಡೆ ಹೋಗಿ ಪ್ಲಾಸ್ಟಿಕ್ಕಿನ ಒಳಗೋಡೆ ಬಂದಾಗಲಾಗಲಿ, ಹಬೆಯಾಡುವ ಬಿಸಿನೀರನ್ನು ಯಾವನಾದರೂ ಬೇಕೆಂದೇ ಇದರೊಳಕ್ಕೆ ಸುರಿದಾನೆಂಬ ಯೋಚನೆ ಅದರ ನಿರ್ಮಾತೃಗಳಿಗೆ ಬಂದಿರಲಾರದು. ಹೀಗಿದ್ದರೂ ಇಂದು ಆ ದೇಶದ ಸಾವಿರಾರು ಗ್ಯಾರೇಜುಗಳಲ್ಲಿ ಇದೇ ಪೆಟ್ಟಿಗೆಗೆ ಒಂದು ಹಿತ್ತಾಳೆಯ ಅಥವಾ ಉಕ್ಕಿನ ನಲ್ಲಿಯನ್ನು ಜೋಡಿಸಿ, ತಳದಲ್ಲಿ ಒಂದು ಜಾಲರಿಯನ್ನು ಮಲಗಿಸಿ, ಬಾರ್ಲಿಯ ನುಚ್ಚನ್ನು ಅದರಲ್ಲಿ ಬಿಸಿನೀರಿನೊಡನೆ ಕಲಸಿಟ್ಟು, ಒಂದು ಗಂಟೆಯ ತರುವಾಯ ಬಿಯರಿನ ಮೂಲದ್ರವವಾದ ಸಿಹಿಯಾದ ಕಷಾಯವನ್ನು ಬಸಿದುಕೊಳ್ಳುವವರು ಇದ್ದಾರೆ. ಬಿಯರ್ ಮಾಡುವವರ ಪರಿಭಾಷೆಯಲ್ಲಿ ಹೀಗೆ ಧಾನ್ಯವನ್ನು ಕಲಸಿಡುವ ಪಾತ್ರೆಗೆ ಮ್ಯಾಷ್ ಟನ್ ಎಂದೂ, ಬಸಿದು ಬರುವ ದ್ರವಕ್ಕೆ ವರ್ಟ್ ಎಂದೂ ಹೆಸರು.

ಪೆಟ್ಟಿಗೆಯ ಮಟ್ಟಿಗೆ ಇದರಲ್ಲಿ ವೈಪರೀತ್ಯವೇನೂ ಇಲ್ಲ. ಶೈತ್ಯವೆಂಬುದೊಂದು ಪದಾರ್ಥವಿದ್ದು ಅದನ್ನು ಪೆಟ್ಟಿಗೆಯು ಒಳಗೆ ಸೆರೆಹಿಡಿದಿರುತ್ತದೆಂಬ ರೀತಿಯಲ್ಲಿ ನಾವು ಮಾತನಾಡುವುದುಂಟಾದರೂ, ಹರಿದಾಡುವುದು ಉಷ್ಣವೊಂದೇ. ಬೆಚ್ಚಗಿರುವೆಡೆಯಿಂದ ತಣ್ಣಗಿರುವೆಡೆಗೆ ಸಾಗುವ ಆ ಉಷ್ಣಕ್ಕೆ ಗೋಡೆಯ ನಡುವೆ ತುಂಬಿರುವ ಪಾಲಿಯುರೆಥೇನ್ ನೊರೆಯು ಅಡ್ಡ ನಿಲ್ಲುವುದೇ ಹೊರತು, ನೀನು ಒಳಕ್ಕೆ ಹೋಗುವೆಯೋ ಹೊರಕ್ಕೆ ಬರುವೆಯೋ ಎಂದು ವಿಚಾರಿಸುವುದಿಲ್ಲ. ಸ್ಟೇನ್‌ಲೆಸ್ ಉಕ್ಕಿನ ಉಷ್ಣವಾಹಕತೆ ವಿಜ್ಞಾನಿಗಳ ಮಾನದಲ್ಲಿ ಸುಮಾರು 16 ಆದರೆ ಈ ನೊರೆಯದು 0.025ರ ಆಸುಪಾಸಿನಲ್ಲಿದೆ, ಅಂದರೆ ಆರುನೂರು ಪಟ್ಟಿಗೂ ಮಿಗಿಲಾದ ಅಂತರ. ಮ್ಯಾಷ್ ಟನ್ನಿನಿಂದ ನಾವು ಬೇಡುವುದು ಎರಡೇ ಎರಡು ಗುಣಗಳನ್ನು: ತನ್ನೊಳಗಿನ ಬಿಸಿಯನ್ನು ಒಂದು ಗಂಟೆಯ ಕಾಲ ಬಿಟ್ಟುಕೊಡದಿರುವುದು, ಕೊನೆಯಲ್ಲಿ ಹೊಟ್ಟನ್ನು ತಡೆದು ದ್ರವವನ್ನು ಮಾತ್ರ ಹೊರಬಿಡುವುದು. ಇವೆರಡೂ ಒಂದು ಬಗೆಯಲ್ಲಿ ನಿಷ್ಕ್ರಿಯತೆಯ ಗುಣಗಳೇ ಆಗಿರುವುದರಿಂದ, ದುಬಾರಿಯಾದ ಯಂತ್ರಸಾಮಗ್ರಿಗಿಂತ ಏನೂ ಮಾಡದೆ ಸುಮ್ಮನಿರಬಲ್ಲ ಒಂದು ಡಬ್ಬವು ಈ ಕೆಲಸಕ್ಕೆ ಹೆಚ್ಚು ಯೋಗ್ಯವೆಂದು ನಾನು ಹೇಳಿದರೆ ಅದು ಚಮತ್ಕಾರದ ಮಾತಲ್ಲ. ನಿಜವಾದ ಕೆಲಸವನ್ನು ಮಾಡುವುದು ಧಾನ್ಯ.

ಧಾನ್ಯವು ಮಾಡುವ ಆ ಕೆಲಸವೇನೆಂಬುದನ್ನು ತಿಳಿಯಲು ಕನ್ನಡನಾಡಿನ ಓದುಗನು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸಿ ಮಗುವಿಗೆ ಸರಿ ಮಾಡಿಕೊಡುವ ಹೆಂಗಸರು, ಮೊಳಕೆಯ ಹಿಟ್ಟಿನ ಗಂಜಿಯು ಸಾಧಾರಣ ರಾಗಿಯ ಗಂಜಿಗಿಂತ ತೆಳ್ಳಗಾಗುವುದನ್ನೂ, ಬೆಲ್ಲ ಹಾಕುವ ಮೊದಲೇ ನಾಲಗೆಗೆ ಸ್ವಲ್ಪ ಸಿಹಿಯೆನಿಸುವುದನ್ನೂ ತಲೆತಲಾಂತರದಿಂದ ಬಲ್ಲರು. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದವರು ಎಳೆಯ ಮಕ್ಕಳ ಆಹಾರಕ್ಕೆ ರಾಗಿಯ ಮಾಲ್ಟನ್ನು ಆರಿಸಿಕೊಂಡದ್ದೂ ಈ ಗುಣವನ್ನೇ ನೆಚ್ಚಿ. ಕಾಳು ಮೊಳೆಯುವಾಗ ಎಳೆಯ ಸಸಿಗೆ ಆಹಾರವನ್ನೊದಗಿಸುವ ಸಲುವಾಗಿ ತನ್ನ ಪಿಷ್ಟದ ಕಣಜವನ್ನು ಒಡೆದು ಸಕ್ಕರೆಯಾಗಿ ಮಾರ್ಪಡಿಸುವ ಕಿಣ್ವಗಳನ್ನು ಸಿದ್ಧಪಡಿಸಿಕೊಳ್ಳುತ್ತದೆ. ಜವೆಗೋಧಿ ಎಂದು ನಮ್ಮವರು ಕರೆಯುವ ಬಾರ್ಲಿಯನ್ನು ನೆನೆಸಿ, ನಾಲ್ಕೈದು ದಿನ ಮೊಳೆಯಗೊಟ್ಟು, ಸಸಿಯು ಆ ಕಣಜಕ್ಕೆ ಕೈಹಾಕುವ ಮುನ್ನವೇ ಬಿಸಿಗಾಳಿಯಲ್ಲಿ ಒಣಗಿಸಿಬಿಟ್ಟರೆ ಪಿಷ್ಟವೂ ಉಳಿಯಿತು, ಕಿಣ್ವವೂ ಉಳಿಯಿತು. ಇದೇ ಮಾಲ್ಟ್. ಇದನ್ನು ಬಿರಿಯುವಷ್ಟು ಮಾತ್ರ ಅರೆದು ತಕ್ಕ ಬಿಸಿನೀರಿನಲ್ಲಿ ಕಲಸಿದರೆ, ನಿಂತುಹೋಗಿದ್ದ ಕೆಲಸವು ಪುನಃ ಆರಂಭವಾಗಿ, ಸಸಿಯ ಬದಲಾಗಿ ಬಿಯರ್ ಮಾಡುವವನಿಗೆ ಅದರ ಫಲವು ದೊರೆಯುತ್ತದೆ. ಪ್ಯಾರಿಸ್ಸಿನ ಆನ್ಸೆಲ್ಮ್ ಪಾಯೆನ್ ಮತ್ತು ಜಾನ್ ಫ್ರಾನ್ಸ್ವಾ ಪೆರ್ಸೋಜ್ ಎಂಬಿಬ್ಬರು ರಸಾಯನಜ್ಞರು 1833ರಲ್ಲಿ ಮಾಲ್ಟಿನ ಕಷಾಯದಿಂದ ಈ ಶಕ್ತಿಯನ್ನು ಬೇರ್ಪಡಿಸಿ ಡಯಾಸ್ಟೇಸ್ ಎಂದು ಹೆಸರಿಟ್ಟರು. ಕಿಣ್ವವೆಂದು ಮನುಷ್ಯನು ಬೇರ್ಪಡಿಸಿ ಗುರುತಿಸಿದ ಮೊತ್ತಮೊದಲನೆಯ ವಸ್ತು ಅದೇ.

ತಕ್ಕ ಬಿಸಿ ಎಂದೆನಲ್ಲವೆ, ಎಲ್ಲ ತೊಡಕೂ ಆ ಮಾತಿನಲ್ಲಿದೆ. ಡಯಾಸ್ಟೇಸ್ ಎಂದು ಒಂದೇ ಹೆಸರಿನಿಂದ ಕರೆದರೂ ಅದರಲ್ಲಿ ಪ್ರಧಾನವಾದ ಕಿಣ್ವಗಳು ಎರಡು. ಬೀಟಾ ಅಮೈಲೇಸ್ ಎಂಬುದು ಪಿಷ್ಟದ ಉದ್ದನೆಯ ಸರಪಳಿಯ ತುದಿಯಿಂದ ಕ್ರಮವಾಗಿ ಎರಡೆರಡು ಕೊಂಡಿಗಳನ್ನು ಬಿಡಿಸಿ, ಯೀಸ್ಟಿಗೆ ಸುಲಭವಾಗಿ ದಕ್ಕುವ ಮಾಲ್ಟೋಸ್ ಸಕ್ಕರೆಯನ್ನು ಮಾಡುತ್ತದೆ. ಇದಕ್ಕೆ 60ರಿಂದ 65 ಡಿಗ್ರಿ ಸೆಲ್ಸಿಯಸ್ ಹಿತ, 70 ದಾಟಿತೆಂದರೆ ಅದು ಬೇಗನೆ ನಾಶವಾಗುತ್ತದೆ. ಆಲ್ಫಾ ಅಮೈಲೇಸ್ ಅದಕ್ಕಿಂತ ಗಟ್ಟಿ ಜೀವ, 70 ಡಿಗ್ರಿಯ ಸುತ್ತಮುತ್ತ ಚುರುಕಾಗಿ ಸರಪಳಿಯನ್ನು ಕಂಡಕಂಡಲ್ಲಿ ತುಂಡರಿಸಿ, ಯೀಸ್ಟು ತಿನ್ನಲಾರದ ದೊಡ್ಡ ತುಣುಕುಗಳನ್ನೂ ಉಳಿಸಿಬಿಡುತ್ತದೆ. ಬಾರ್ಲಿಯ ಪಿಷ್ಟವು ನೀರುಂಡು ಅರಳುವುದು 60 ಡಿಗ್ರಿ ಮುಟ್ಟಿದ ಮೇಲೆ. ಹೀಗಿರುವುದರಿಂದ 64 ಡಿಗ್ರಿಯಲ್ಲಿ ಗಂಟೆಯಿಟ್ಟ ಗಂಜಿಯು ತೆಳುವಾದ, ಸಿಹಿ ಉಳಿಯದ ಬಿಯರನ್ನೂ, 69ರಲ್ಲಿಟ್ಟದ್ದು ಬಾಯಿತುಂಬುವ ಸಾಂದ್ರವಾದ ಬಿಯರನ್ನೂ ಕೊಡುವುದು. ಎರಡರ ನಡುವೆ 66 ಅಥವಾ 67 ಡಿಗ್ರಿಯನ್ನು ಹಿಡಿಯುವುದು ಬಹುಮಂದಿಯ ಪದ್ಧತಿ. ಧಾನ್ಯ, ನೀರು, ಯೀಸ್ಟ್ ಎಲ್ಲವೂ ಒಂದೇ ಆಗಿದ್ದು ಐದು ಡಿಗ್ರಿಯ ಅಂತರ ಮಾತ್ರದಿಂದ ಪಾನೀಯದ ಸ್ವಭಾವವೇ ಬೇರೆಯಾಗುವುದಾದರೆ, ಆ ಒಂದು ಗಂಟೆಯಲ್ಲಿ ಬಿಸಿಯು ಏರದೆ ಇಳಿಯದೆ ನಿಲ್ಲಬೇಕಾದುದು ಎಷ್ಟು ಮುಖ್ಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಷ್ಣಮಾಪಕವಿಲ್ಲದ ಕಾಲದ ಇಂಗ್ಲಿಷ್ ಬಿಯರುಗಾರರು ಇದನ್ನು ಸಾಧಿಸುತ್ತಿದ್ದ ಬಗೆ ಸ್ವಾರಸ್ಯವಾಗಿದೆ. ನೀರನ್ನು ಕುದಿಸಿ, ಅದು ಆರುತ್ತ ಆರುತ್ತ ಮೇಲಿನ ಹಬೆ ತಿಳಿಯಾಗಿ, ಬಗ್ಗಿ ನೋಡಿದವನ ಮುಖವು ನೀರಿನಲ್ಲಿ ಕಾಣಿಸಿದ ಕ್ಷಣದಲ್ಲಿ ಧಾನ್ಯವನ್ನು ಸುರಿಯಬೇಕೆಂಬುದು ಅವರ ಶಾಸ್ತ್ರ. ಮೈಕೇಲ್ ಕೊಂಬ್ರೂನ್ ಎಂಬ ಲಂಡನ್ನಿನ ಬಿಯರುಗಾರನು 1762ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮುಖವನ್ನು ಬಿಟ್ಟು ಉಷ್ಣಮಾಪಕವನ್ನು ನಂಬಬೇಕೆಂದು ವಾದಿಸಿದನು. ಆದರೆ ಬಿಸಿಯನ್ನು ಅಳೆಯುವುದು ಒಂದು, ಉಳಿಸಿಕೊಳ್ಳುವುದು ಮತ್ತೊಂದು. ಆ ಎರಡನೆಯದಕ್ಕೆ ಅವರು ನೆಚ್ಚಿದ್ದು ದಪ್ಪ ಮರದ ತೊಟ್ಟಿಗಳನ್ನು. ತೊಟ್ಟಿ ದೊಡ್ಡದಾದಷ್ಟೂ ಒಳಗಿನ ರಾಶಿಗೆ ಹೋಲಿಸಿದರೆ ಹೊರಮೈ ಕಿರಿದಾಗುವುದರಿಂದ ನೂರಾರು ಮಣ ಧಾನ್ಯದ ಗಂಜಿಯು ತನ್ನ ಬಿಸಿಯನ್ನು ತಾನೇ ಕಾಪಾಡಿಕೊಳ್ಳುತ್ತಿತ್ತು. ಮನೆಯಲ್ಲಿ ಐದು ಕಿಲೋ ಕಲಸುವವನಿಗೆ ಈ ಅನುಕೂಲವಿಲ್ಲ. ಅವನು ಉಕ್ಕಿನ ಹಂಡೆಯಲ್ಲಿ ಗಂಜಿಯನ್ನಿಟ್ಟರೆ ಅದು ಬೇಗ ಆರುವುದು, ಆರಿತೆಂದು ಒಲೆ ಹೊತ್ತಿಸಿದರೆ ತಳದಲ್ಲಿ 80 ಡಿಗ್ರಿ ಏರಿ ಕಿಣ್ವಗಳು ಸತ್ತು ಮೇಲುಭಾಗ ಇನ್ನೂ 62ರಲ್ಲಿಯೇ ಇರುವುದು, ಬಿಡದೆ ಕೈಯಾಡಿಸಿದರೆ ತೋಳು ಸೋಲುವುದು.

ಮನೆಯಲ್ಲಿ ಬಿಯರ್ ಮಾಡುವ ಹವ್ಯಾಸವು ಅಮೆರಿಕದಲ್ಲಿ ಬಹುಕಾಲ ಕಾನೂನಿನ ಹೊರಗಿದ್ದಿತು. 1920ರಿಂದ 1933ರವರೆಗಿನ ಪಾನನಿಷೇಧದ ಕಾಲದಲ್ಲಿ ಬಿಯರ್ ಕಂಪೆನಿಗಳೇ ಮಾಲ್ಟಿನ ಪಾಕವನ್ನು ಡಬ್ಬಗಳಲ್ಲಿ ತುಂಬಿ, ರೊಟ್ಟಿ ಸುಡುವುದಕ್ಕೆಂದು ಸಾತ್ವಿಕವಾಗಿ ಮಾರಿದವು. ಅಷ್ಟೊಂದು ಪಾಕದಿಂದ ಎಷ್ಟು ರೊಟ್ಟಿ ಸುಟ್ಟರೆಂಬುದನ್ನು ದೇವರೇ ಬಲ್ಲ. ನಿಷೇಧವು ತೊಲಗಿದ ಮೇಲೆ ಮನೆಯಲ್ಲಿ ದ್ರಾಕ್ಷಾರಸ ಮಾಡಲು ಅನುಮತಿ ದೊರೆತರೂ ಬಿಯರಿಗೆ ದೊರೆಯಲಿಲ್ಲ. ಇಂಗ್ಲೆಂಡಿನಲ್ಲಿ ಅರ್ಥಸಚಿವ ರೆಜಿನಾಲ್ಡ್ ಮಾಡ್ಲಿಂಗನು 1963ರಲ್ಲಿ ಲೈಸೆನ್ಸಿನ ಕಟ್ಟನ್ನು ತೆಗೆದ ಹದಿನೈದು ವರ್ಷಗಳ ತರುವಾಯ, 1978ರ ಅಕ್ಟೋಬರ್ 14ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಶಾಸನವು, ಒಬ್ಬ ವಯಸ್ಕನಿದ್ದ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರೋ ಹೆಚ್ಚೋ ಇದ್ದ ಮನೆಗೆ 200 ಗ್ಯಾಲನ್ ಬಿಯರನ್ನು ಸ್ವಂತಕ್ಕಾಗಿ ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದೆಂದಿತು. ಸಂಸ್ಥಾನಗಳು ಇದನ್ನು ಒಪ್ಪುವುದಕ್ಕೆ ತಮ್ಮತಮ್ಮ ಕಾಲವನ್ನು ತೆಗೆದುಕೊಂಡವು, ಮಿಸಿಸಿಪ್ಪಿ ಮತ್ತು ಅಲಬಾಮಗಳು 2013ರವರೆಗೆ. ನಮ್ಮ ರಾಜ್ಯದ 1965ರ ಅಬಕಾರಿ ಅಧಿನಿಯಮದ ಪ್ರಕಾರ ಲೈಸೆನ್ಸಿಲ್ಲದೆ ಮದ್ಯವನ್ನು ತಯಾರಿಸುವುದು ಅಪರಾಧವಾದ್ದರಿಂದ, ಈ ಬರಹವನ್ನು ಇಲ್ಲಿನ ಓದುಗರು ಪದಾರ್ಥವಿಜ್ಞಾನದ ಒಂದು ಪಾಠವೆಂದು ಓದಿಕೊಳ್ಳುವುದು ಲೇಸು.

ಅನುಮತಿ ಬಂದಾಗ ಅಲ್ಲಿನವರ ಕೈಯಲ್ಲಿದ್ದುದು ಆ ಡಬ್ಬದ ಪಾಕವೇ. ಅದನ್ನು ನೀರಿನಲ್ಲಿ ಕರಗಿಸಿ ಕುದಿಸಿದರೆ ಬಿಯರು ಆಗುವುದು ನಿಜವಾದರೂ, ಧಾನ್ಯದಿಂದಲೇ ಆರಂಭಿಸಬೇಕೆಂಬ ಹಂಬಲವುಳ್ಳವರಿಗೆ ಮನೆಯ ಅಳತೆಯ ಮ್ಯಾಷ್ ಟನ್ ಯಾವ ಅಂಗಡಿಯಲ್ಲಿಯೂ ಸಿಕ್ಕುತ್ತಿರಲಿಲ್ಲ. ಕೊಲರಾಡೊ ಸಂಸ್ಥಾನದ ಬೋಲ್ಡರಿನಲ್ಲಿ 1978ರಲ್ಲಿ ಅಮೆರಿಕದ ಮನೆಬಿಯರುಗಾರರ ಸಂಘವನ್ನು ಕಟ್ಟಿದವರಲ್ಲೊಬ್ಬನಾದ ಚಾರ್ಲಿ ಪಪಾಜಿಯನ್, 1984ರಲ್ಲಿ ಹೊರಬಂದ ತನ್ನ ಪ್ರಸಿದ್ಧ ಕೈಪಿಡಿಯಲ್ಲಿ, ಎರಡು ಪ್ಲಾಸ್ಟಿಕ್ ಬಕೆಟುಗಳನ್ನು ಒಂದರೊಳಗೊಂದಿಟ್ಟು, ಒಳಗಿನದರ ತಳಕ್ಕೆ ನೂರಾರು ತೂತು ಕೊರೆದು ಗಂಜಿಯನ್ನು ಬಸಿಯುವ ಉಪಾಯವನ್ನು ಹೇಳಿಕೊಟ್ಟನು. ಬಕೆಟು ಬಸಿಯುವುದೇನೋ ಸರಿ, ಬಿಸಿಯನ್ನು ಹಿಡಿಯಲಾರದು. ಎರಡೂ ಕೆಲಸವನ್ನು ಒಂದರಲ್ಲಿಯೇ ಮಾಡುವ ಕೂಲರು ಬಳಕೆಗೆ ಬಂದು, ಲೋಹಶಾಸ್ತ್ರವನ್ನು ಬಲ್ಲ ಜಾನ್ ಪಾಮರನು ತನ್ನ ಪುಸ್ತಕದಲ್ಲಿ ತಾಮ್ರದ ಕೊಳವೆಗಳ ಲೆಕ್ಕಾಚಾರದೊಡನೆ ಅದರ ನಿರ್ಮಾಣವನ್ನು ವಿವರಿಸಿದ್ದೂ, ಆರೆಗನ್ನಿನ ಡೆನ್ನಿ ಕಾನ್ ಎಂಬಾತನು ಅದನ್ನು ಇನ್ನೂ ಅಗ್ಗವಾಗಿ, ಇನ್ನೂ ಸುಲಭವಾಗಿ ಮಾಡಬಹುದೆಂದು ಸಾರಿ ಹೇಳಿದ್ದೂ ಆ ಮೇಲಿನ ಕಥೆ. ನನ್ನ ಒಲವು ಕಾನನ ಕಡೆಗೆ. ಕಾರಣವನ್ನು ಮುಂದೆ ಹೇಳುತ್ತೇನೆ.

ಪೆಟ್ಟಿಗೆಯನ್ನು ಆರಿಸುವಾಗ ಆಕಾರಕ್ಕಿಂತ ಗಾತ್ರ ಮುಖ್ಯ. ಮನೆಬಿಯರಿನ ರೂಢಿಯ ಪ್ರಮಾಣವಾದ 19 ಲೀಟರಿಗೆ ಸುಮಾರು 5 ಕಿಲೋ ಮಾಲ್ಟ್ ಬೇಕು. ಕಿಲೋಗೆ 3 ಲೀಟರಿನಂತೆ ನೀರು 15 ಲೀಟರು. ನೆನೆದ ಧಾನ್ಯವು ಕಿಲೋಗೆ ಮುಕ್ಕಾಲು ಲೀಟರಿಗಿಂತ ಸ್ವಲ್ಪ ಕಡಿಮೆ ಸ್ಥಳವನ್ನು ಆಕ್ರಮಿಸುವುದರಿಂದ ಒಟ್ಟು 18 ಲೀಟರಿನ ಮೇಲೆ. ಆದ್ದರಿಂದ ಕಟ್ಟಡದ ಕೂಲಿಗಾರರಿಗೆ ಕುಡಿಯುವ ನೀರನ್ನೊದಗಿಸುವ, ದುಂಡನೆಯ 19 ಲೀಟರಿನ ಕೂಲರು ಅಂಚಿನವರೆಗೆ ತುಂಬಿಹೋಗಿ, ಕೈಯಾಡಿಸುವುದಕ್ಕೂ ಎಡೆಯಿರುವುದಿಲ್ಲ. ಅದರ ಅಣ್ಣನಾದ 38 ಲೀಟರಿನದು ಸಲೀಸು. ಚೌಕನಾದ 45 ಲೀಟರಿನ ವನಭೋಜನದ ಪೆಟ್ಟಿಗೆಯೂ ಆದೀತು. ಇನ್ನೂ ದೊಡ್ಡದು ಬೇಡ. ಗಂಜಿಯ ಮೇಲೆ ಬರಿದಾದ ಸ್ಥಳ ಹೆಚ್ಚಿದಷ್ಟೂ ಬಿಸಿಯು ಆ ಗಾಳಿಗೂ ಮುಚ್ಚಳಕ್ಕೂ ಪೋಲಾಗುವುದು, ಧಾನ್ಯದ ಹಾಸು ತೆಳುವಾಗಿ ಸೋಸುವಿಕೆಯೂ ಕೆಡುವುದು.

ಪೆಟ್ಟಿಗೆಯೊಡನೆ ಬಂದ ಗುಂಡಿಯೊತ್ತುವ ನಲ್ಲಿಯನ್ನು ಒಳಗಿನ ತಿರುಪನ್ನು ಬಿಚ್ಚಿ ತೆಗೆದುಹಾಕಿದರೆ, ಅದೇ ರಂಧ್ರದಲ್ಲಿ ಅರ್ಧ ಇಂಚಿನ ಬಾಲ್ ವಾಲ್ವನ್ನು ಕೂರಿಸಬಹುದು. ಗೋಡೆಯ ಎರಡು ಪದರಗಳ ಮಧ್ಯೆ ಇರುವ ನೊರೆಯೊಳಕ್ಕೆ ದ್ರವವು ನುಸುಳಿದರೆ ಅಲ್ಲಿ ಹುಳಿತು ನಾರುವುದು, ಮತ್ತೆ ಅದನ್ನು ತೊಳೆಯುವ ಉಪಾಯವಿಲ್ಲ; ಆದಕಾರಣ ರಬ್ಬರಿನ ಅಥವಾ ಸಿಲಿಕೋನಿನ ಉಂಗುರವು ಒಳಗಡೆ, ದ್ರವವಿರುವ ಮಗ್ಗುಲಲ್ಲಿಯೇ, ಗೋಡೆಗೆ ಅಂಟಿಕೊಂಡು ಕೂರಬೇಕು. ತಿರುಪಿಗೆ ಟೆಫ್ಲಾನ್ ಪಟ್ಟಿಯನ್ನು ಸುತ್ತಿ, ಒಳಗಿನಿಂದೊಂದು ಹೊರಗಿನಿಂದೊಂದು ಅಗಲವಾದ ವಾಷರನ್ನಿಟ್ಟು ಬಿಗಿಯುವಾಗ, ಬಲವಾದ ಕೈಯುಳ್ಳವರು ತಮ್ಮ ಬಲವನ್ನು ಸ್ವಲ್ಪ ಅಡಗಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಪ್ಲಾಸ್ಟಿಕ್ಕಿನ ಗೋಡೆಯು ಅತಿಯಾಗಿ ಬಿಗಿದರೆ ಸೊಟ್ಟಗಾಗಿ, ಬಿಗಿದುದರಿಂದಲೇ ಸೋರಲಾರಂಭಿಸುವುದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕುವ ತಗಡಿನ ಬಣ್ಣದ ವಾಷರುಗಳಿಗೆ ಸತುವಿನ ಲೇಪವಿರುತ್ತದೆ, ಗಂಜಿಯು 5.2ರಿಂದ 5.6 ಪಿಎಚ್ ಇರುವ ತುಸು ಆಮ್ಲೀಯವಾದ ದ್ರವವಾದ್ದರಿಂದ ಸತುವನ್ನು ಕರಗಿಸಿಕೊಳ್ಳುವುದು, ಹಾಗಾಗಿ ಸ್ಟೇನ್‌ಲೆಸ್ ಉಕ್ಕನ್ನೇ ಕೇಳಿ ತರಬೇಕು. ಹಿತ್ತಾಳೆಯ ನಲ್ಲಿಯ ಮೇಲ್ಮೈಯಲ್ಲಿ ಸೀಸದ ಅಂಶವಿರುವುದುಂಟೆಂದು ಪಾಮರನು ಎಚ್ಚರಿಸಿ, ಅದನ್ನು ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡಿನ ಮಿಶ್ರಣದಲ್ಲಿ ಅದ್ದಿ ಶುದ್ಧಿಮಾಡುವ ವಿಧಾನವನ್ನೂ ಕೊಟ್ಟಿದ್ದಾನೆ.

ಇನ್ನು ಜಾಲರಿ. ಇದಕ್ಕೆ ಮೂರು ಸಂಪ್ರದಾಯಗಳಿವೆ. ತಳದಿಂದ ಸ್ವಲ್ಪ ಮೇಲಕ್ಕೆ ನಿಲ್ಲುವ ತೂತುತೂತಾದ ಉಕ್ಕಿನ ತಟ್ಟೆ ಮೊದಲನೆಯದು. ಅಂದವಾದದ್ದು, ಬೆಲೆಯೂ ಅದಕ್ಕೆ ತಕ್ಕದ್ದು, ಆದರೆ ಅಂಚಿನಲ್ಲಿ ಸಂದು ಉಳಿದರೆ ಧಾನ್ಯವು ಕೆಳಕ್ಕೆ ನುಗ್ಗುವುದು. ತಾಮ್ರದ ಕೊಳವೆಗಳನ್ನು ಚೌಕಟ್ಟಾಗಿ ಜೋಡಿಸಿ ಕೆಳಮುಖವಾಗಿ ಗರಗಸದಿಂದ ಸೀಳುಗಳನ್ನು ಹಾಕುವುದು ಎರಡನೆಯದು. ಚೌಕನಾದ ಪೆಟ್ಟಿಗೆಗೆ ಇದು ಒಪ್ಪುತ್ತದೆ, ತಾಳ್ಮೆಯಿರಬೇಕು. ಮೂರನೆಯದು ಕಾನನ ಮಾರ್ಗ: ಕೈತೊಳೆಯುವ ಬೇಸಿನ್ನಿನ ಕೆಳಗೆ ನಲ್ಲಿಗೆ ನೀರು ತರುವ ನಾಳವಿದೆಯಲ್ಲ, ಉಕ್ಕಿನ ತಂತಿಯ ಹೆಣಿಗೆಯನ್ನು ಹೊದ್ದಿರುವುದು, ಆ ಹೆಣಿಗೆಯನ್ನು ಮಾತ್ರ ಸುಲಿದು ತೆಗೆದು ಸೋಸುಗವನ್ನಾಗಿ ಮಾಡುವುದು.

ಆರೆಗನ್ನಿನಲ್ಲಿ ನೆಲಸಿರುವ ನನ್ನ ಬಂಧುವೊಬ್ಬನು ತನ್ನ ಗ್ಯಾರೇಜಿನಲ್ಲಿ ಇದನ್ನು ಮಾಡುವಾಗ ನಾನು ಪಕ್ಕದಲ್ಲಿ ನಿಂತು ನೋಡಿದೆ. ಅರವತ್ತು ಸೆಂಟಿಮೀಟರಿನ ನಾಳದ ಎರಡು ತುದಿಗಳ ಲೋಹದ ಕಟ್ಟುಗಳನ್ನು ಅವನು ಸಣ್ಣ ಹಲ್ಲಿನ ಗರಗಸದಿಂದ ಕತ್ತರಿಸಿದನು. ಕತ್ತರಿಸಿದೆಡೆಯಲ್ಲಿ ತಂತಿಗಳ ಮೊನೆಗಳು ಕೆದರಿ ನಿಂತು ಬೆರಳಿಗೆ ಚುಚ್ಚುವಂತಿದ್ದವು. ಹೆಣಿಗೆಯನ್ನು ಒಂದೇ ಕಡೆಯಿಂದ ಹಿಡಿದೆಳೆದರೆ ಅದು ಇನ್ನೂ ಬಿಗಿಯಾಗಿ ಒಳಗಿನ ರಬ್ಬರಿಗೆ ಕಚ್ಚಿಕೊಳ್ಳುವುದು, ಎಳೆಯುವ ಬದಲು ಎರಡು ತುದಿಗಳಿಂದಲೂ ನಡುವಿಗೆ ನೂಕಿದರೆ ಉಬ್ಬಿ ಸಡಿಲವಾಗುವುದು. ಸಡಿಲವಾದ ಹೆಣಿಗೆಯೊಳಗಿಂದ ರಬ್ಬರಿನ ನಾಳವು, ಲಂಗದ ನೆರಿಗೆಯಿಂದ ಲಾಡಿ ಜಾರಿ ಬರುವ ಹಾಗೆ, ಅನಾಯಾಸವಾಗಿ ಹೊರಬಂತು. ಉಳಿದ ಟೊಳ್ಳಾದ ಜಾಲರಿಯ ಒಂದು ತುದಿಯನ್ನು ಚಪ್ಪಟೆಮಾಡಿ ಮೂರು ಸಲ ಮಡಿಸಿ ಇಕ್ಕುಳದಿಂದ ಒತ್ತಿ ಮುಚ್ಚಿ, ಇನ್ನೊಂದು ತುದಿಯನ್ನು ವಾಲ್ವಿನ ಒಳಮೂತಿಗೆ ತೊಡಿಸಿ ಕ್ಲಾಂಪು ಬಿಗಿದ ಮೇಲೆ ಅದು ಪೆಟ್ಟಿಗೆಯ ತಳದಲ್ಲಿ ಸುತ್ತಿಕೊಂಡು ಬಿದ್ದಿತು. ಅಂಗಡಿಯಲ್ಲಿ ನಾಳವನ್ನು ಕೊಳ್ಳುವಾಗ ಉಕ್ಕಿನದೇ ಎಂದು ನೋಡಿಕೊಳ್ಳಬೇಕಂತೆ. ಬೆಳ್ಳಿಯ ಬಣ್ಣ ಹೊಡೆದ ಪ್ಲಾಸ್ಟಿಕ್ ಹೆಣಿಗೆಯೂ ಮಾರಾಟದಲ್ಲಿದ್ದು, ಅದು ಬಿಸಿಗೆ ಮೆತ್ತಗಾಗಿ ಧಾನ್ಯದ ಭಾರಕ್ಕೆ ಅಪ್ಪಚ್ಚಿಯಾಗುತ್ತದೆ. ನಲ್ಲಿಯ ರಂಧ್ರವು ತಳದಿಂದ ಎರಡು ಬೆರಳು ಮೇಲಿದೆಯಲ್ಲ, ಆ ಮಟ್ಟದ ಕೆಳಗಿನ ದ್ರವವು ವ್ಯರ್ಥವಲ್ಲವೆ ಎಂದು ನಾನು ಕೇಳಿದುದಕ್ಕೆ, ಒಳಗಿನ ಮೂತಿಯನ್ನು ತಳಕ್ಕೆ ಬಾಗಿಸಿ ಹೊರಗಿನ ರಬ್ಬರಿನ ಕೊಳವೆಯನ್ನು ಕೆಳಗಿನ ಪಾತ್ರೆಗೆ ಇಳಿಬಿಟ್ಟರೆ, ಗಾಳಿ ಹೊಗದಿರುವವರೆಗೆ ಸೈಫನ್ನಿನ ಕ್ರಮದಿಂದ ಕೊನೆಯ ದ್ರವವೂ ಎಳೆದುಬರುವುದೆಂದು ಅವನು ತೋರಿಸಿಕೊಟ್ಟನು.

ಈ ಹೆಣಿಗೆಯ ಕಣ್ಣುಗಳಾದರೋ ಅಷ್ಟೇನೂ ಸೂಕ್ಷ್ಮವಾದುವಲ್ಲ, ಹಿಟ್ಟಿನ ಕಣವನ್ನು ಅವು ತಡೆಯಲಾರವು. ತಡೆಯಬೇಕಾದ ಅಗತ್ಯವೂ ಇಲ್ಲವೆಂಬುದೇ ಈ ವಿಷಯದಲ್ಲಿ ನನಗೆ ಅತ್ಯಂತ ಮನೋಹರವಾಗಿ ಕಂಡ ಸಂಗತಿ. ಬಾರ್ಲಿಯ ಕಾಳಿಗೆ ಗಟ್ಟಿಯಾದ ಹೊಟ್ಟು ಅಂಟಿಕೊಂಡಿರುತ್ತದೆ. ಎರಡು ಉರುಳೆಗಳ ನಡುವೆ ಹಾಯಿಸಿ ಹದವಾಗಿ ಒಡೆದಾಗ ಒಳಗಿನ ತಿರುಳು ನುಚ್ಚಾಗಿ, ಹೊಟ್ಟು ಮಾತ್ರ ಹೆಚ್ಚುಕಡಿಮೆ ಇಡಿಯಾಗಿ ಉಳಿಯುವುದು. ಗಂಜಿಯಲ್ಲಿ ಆ ಹೊಟ್ಟುಗಳು ಒಂದರ ಮೇಲೊಂದು ಕೂತು ಒಂದು ಹಾಸಾಗಿ, ನಡುವಣ ಸಂದುಗಳಲ್ಲಿ ದ್ರವಕ್ಕೆ ದಾರಿ ಬಿಟ್ಟು ಹಿಟ್ಟನ್ನು ಹಿಡಿದುಕೊಳ್ಳುತ್ತವೆ. ಸೋಸುವುದು ಧಾನ್ಯವೇ, ಜಾಲರಿಯು ಆ ಧಾನ್ಯವನ್ನು ನಲ್ಲಿಯೊಳಕ್ಕೆ ಬೀಳದಂತೆ ಹಿಡಿದಿದ್ದರೆ ಸಾಕು. ಆದ್ದರಿಂದಲೇ ಮೊದಲು ಬರುವ ಒಂದೆರಡು ಲೀಟರು ವರ್ಟು ಕದಡಾಗಿ, ನುಚ್ಚಿನಿಂದ ಕೂಡಿರುವುದು. ಅದನ್ನು ಜಗ್ಗಿನಲ್ಲಿ ಹಿಡಿದು ಮೆಲ್ಲನೆ ಮೇಲಿನಿಂದ ಮರಳಿ ಸುರಿದರೆ, ಹಾಸು ಕುದುರಿಕೊಂಡು ತರುವಾಯ ತಿಳಿಯಾದ ಹೊಂಬಣ್ಣದ ದ್ರವವು ಇಳಿಯತೊಡಗುವುದು. ತಾಮ್ರದ ಚೌಕಟ್ಟಿಗೂ ಉಕ್ಕಿನ ತಟ್ಟೆಗೂ ಹಣ ಸುರಿಯುವವರು ಬಹುಶಃ ಈ ಹೊಟ್ಟಿನ ಸಾಮರ್ಥ್ಯದಲ್ಲಿ ವಿಶ್ವಾಸ ಸಾಲದವರು. ಹೊಟ್ಟಿಲ್ಲದ ಗೋಧಿ, ಓಟ್ಸ್‌ಗಳ ಅಂಟು ಹೆಚ್ಚು ಬೆರೆತ ಗಂಜಿಯಲ್ಲಾದರೆ ಹಾಸು ಕೆಸರುಗಟ್ಟಿ ಹರಿವು ನಿಂತುಹೋಗುವುದುಂಟು. ಅದಕ್ಕೆ ಅಮೆರಿಕನರು ಕಂಡುಕೊಂಡಿರುವ ಔಷಧವು ಭತ್ತದ ಹೊಟ್ಟು. ನಮ್ಮ ಮಂಡ್ಯದ, ಗಂಗಾವತಿಯ ಗಿರಣಿಗಳ ಹಿಂದೆ ಗುಡ್ಡವಾಗಿ ಬೀಳುವ ಈ ವಸ್ತುವನ್ನು ಅವರು ಚೀಲಗಳಲ್ಲಿ ತುಂಬಿ ತೂಕದ ಲೆಕ್ಕದಲ್ಲಿ ಮಾರುತ್ತಾರೆ.

ಪಾತ್ರೆ ಸಿದ್ಧವಾದ ಮೇಲೆ ಬಳಸುವ ಕ್ರಮದಲ್ಲಿ ಜಾಣ್ಮೆಯೆಲ್ಲ ಮೊದಲ ಹತ್ತು ನಿಮಿಷಕ್ಕೆ ಸೇರಿದ್ದು. ಸುರಿಯುವ ನೀರು ತಣ್ಣಗಿನ ಧಾನ್ಯವನ್ನು ಬಿಸಿಮಾಡುತ್ತ ತಾನು ಆರುವುದರಿಂದ, ಅದು ಗುರಿಯ ಬಿಸಿಗಿಂತ ಎಷ್ಟು ಹೆಚ್ಚಿರಬೇಕೆಂಬುದನ್ನು ಮೊದಲೇ ಎಣಿಸಬೇಕು. ತೂಕಕ್ಕೆ ತೂಕ ನೋಡಿದರೆ ಧಾನ್ಯವನ್ನು ಬಿಸಿಮಾಡಲು ನೀರಿಗೆ ಬೇಕಾಗುವ ಉಷ್ಣದ ಐದರಲ್ಲಿ ಎರಡು ಪಾಲು ಸಾಕು ಎಂಬುದರ ಮೇಲೆ ಲೆಕ್ಕ ನಿಂತಿದೆ: 0.41ನ್ನು ಕಿಲೋಗೆ ಹಾಕುವ ನೀರಿನ ಲೀಟರುಗಳಿಂದ ಭಾಗಿಸಿ, ಗುರಿಯ ಬಿಸಿಗೂ ಧಾನ್ಯದ ಬಿಸಿಗೂ ಇರುವ ವ್ಯತ್ಯಾಸದಿಂದ ಗುಣಿಸಿ, ಬಂದುದನ್ನು ಗುರಿಗೆ ಕೂಡಿಸುವುದು. ಧಾನ್ಯವು 20 ಡಿಗ್ರಿಯಲ್ಲಿದ್ದು, ಗುರಿ 67 ಆಗಿ, ಕಿಲೋಗೆ 3 ಲೀಟರು ನೀರಾದರೆ ಉತ್ತರ 73 ಡಿಗ್ರಿಯ ಮೇಲೆ ಚಿಲ್ಲರೆ. ಈ ಲೆಕ್ಕದಲ್ಲಿ ಪೆಟ್ಟಿಗೆಯು ಸೇರಿಲ್ಲ. ತಣ್ಣಗಿನ ಒಳಗೋಡೆಯು ಎರಡು ಮೂರು ಡಿಗ್ರಿಯನ್ನು ಮೊದಲಿಗೇ ಕುಡಿದುಬಿಡುವುದರಿಂದ, ಕೆಲವು ಲೀಟರು ಬಿಸಿನೀರನ್ನು ಹೊಯ್ದು ಮುಚ್ಚಿಟ್ಟು ಕಾಲುಗಂಟೆಯ ಮೇಲೆ ಚೆಲ್ಲಿ, ಆಮೇಲೆ ಕೆಲಸಕ್ಕೆ ತೊಡಗಬೇಕು. ಒಣ ನುಚ್ಚಿನ ಉಂಡೆಗಳು ಒಡೆಯುವವರೆಗೆ ಕಲಸಿ, ಉಷ್ಣಮಾಪಕವನ್ನು ಎರಡು ಮೂರು ಕಡೆ ಊರಿ ನೋಡಿ, ಹೆಚ್ಚಿದ್ದರೆ ತಣ್ಣೀರನ್ನು ಕಡಮೆಯಿದ್ದರೆ ಕುದಿನೀರನ್ನು ಬೆರಸಿ, ಮುಚ್ಚಳ ಮುಚ್ಚಿದರೆ ಮುಗಿಯಿತು. ತುಂಬಿದ ಪೆಟ್ಟಿಗೆಯು ಗಂಟೆಗೆ ಒಂದೆರಡು ಡಿಗ್ರಿಗಿಂತ ಹೆಚ್ಚಾಗಿ ಇಳಿಯದು.

ಪಿಷ್ಟವೆಲ್ಲ ಸಕ್ಕರೆಯಾಯಿತೇ ಎಂಬ ಸಂದೇಹವಿದ್ದವರು ಒಂದು ಹನಿ ವರ್ಟನ್ನು ಬಿಳಿಯ ತಟ್ಟೆಯ ಮೇಲಿಟ್ಟು ಅಯೋಡಿನ್ ತೊಟ್ಟಿಕ್ಕಿಸುತ್ತಾರೆ: ಆಲೂಗೆಡ್ಡೆಯ ಹೋಳು ನೀಲಿಗಪ್ಪಾದುದನ್ನು ಶಾಲೆಯ ಪ್ರಯೋಗದಲ್ಲಿ ಕಂಡ ನೆನಪು ಯಾರಿಗಿಲ್ಲ, ಇಲ್ಲಿ ಬಣ್ಣ ತಿರುಗದಿದ್ದರೆ ಕೆಲಸ ಸಾಂಗವಾಗಿ ನಡೆದಿದೆಯೆಂದು ಅರ್ಥ. ಹದಿನೈದು ಲೀಟರು ನೀರಿನಲ್ಲಿ ಧಾನ್ಯವು ಕಿಲೋಗೊಂದರಂತೆ ಐದನ್ನು ತನ್ನಲ್ಲಿಯೇ ಹೀರಿಟ್ಟುಕೊಳ್ಳುವುದರಿಂದ ಹೊರಬರುವುದು ಹತ್ತು. ಹೀರಿದ ದ್ರವದಲ್ಲಿಯೂ ಸಕ್ಕರೆಯಿದೆಯಷ್ಟೆ. ಅದಕ್ಕಾಗಿ ಇನ್ನೊಂದು ಹದಿನೈದು ಲೀಟರು ಬಿಸಿನೀರನ್ನು ಒಮ್ಮೆಗೇ ಹೊಯ್ದು, ಚೆನ್ನಾಗಿ ಕದಡಿ, ಮೊದಲಿನ ಕ್ರಮದಲ್ಲಿಯೇ ಬಸಿದರೆ ಒಟ್ಟು ಇಪ್ಪತ್ತೈದು ಲೀಟರು ಹಂಡೆಗೆ ಸೇರುವುದು. ದೊಡ್ಡ ಕಾರ್ಖಾನೆಗಳಲ್ಲಿ ನೀರನ್ನು ಮೇಲಿನಿಂದ ಎಡೆಬಿಡದೆ ತುಂತುರಾಗಿ ಚಿಮುಕಿಸಿ ಅಷ್ಟೇ ವೇಗದಲ್ಲಿ ಕೆಳಗೆ ಇಳಿಸುತ್ತಾರೆ. ಆ ರೀತಿಯಲ್ಲಿ ಹರಿವು ಎಲ್ಲೆಡೆಯೂ ಸಮವಾಗಿರಬೇಕಾಗಿ, ಜಾಲರಿಯ ರಚನೆಗೆ ಬಹಳ ಮಹತ್ತ್ವ ಬರುತ್ತದೆ. ಒಮ್ಮೆಗೇ ಹೊಯ್ದು ಕದಡುವವನಿಗೆ ಆ ಚಿಂತೆಯಿಲ್ಲ, ಕದಡಿದ ಮೇಲೆ ಪಾತ್ರೆಯ ಎಲ್ಲ ಮೂಲೆಗಳ ದ್ರವವೂ ಒಂದೇ ಸಾಂದ್ರತೆಯದಾಗುವುದರಿಂದ ಯಾವ ಮೂಲೆಯಿಂದ ಇಳಿದರೂ ಸರಿಯೇ. ಬೇಸಿನ್ನಿನ ನಾಳದ ಹೆಣಿಗೆಯನ್ನು ನಾನು ಮೆಚ್ಚಿದ್ದಕ್ಕೆ ಕಾರಣ ಇದು. ನೀರು ಎಷ್ಟು ಬಿಸಿಯಾಗಿದ್ದರೂ ಧಾನ್ಯದ ಹಾಸು 77 ಡಿಗ್ರಿಯನ್ನು ಮೀರಬಾರದು; ಮೀರಿದರೆ ಹೊಟ್ಟಿನಿಂದ ಟ್ಯಾನಿನ್ ಇಳಿದು ಬಿಯರಿಗೆ ಒಗರು ಬರುವುದು.

ದೋಷಗಳೂ ಇಲ್ಲದಿಲ್ಲ. ಅಗ್ಗದ ಪೆಟ್ಟಿಗೆಗಳ ಗೋಡೆಯಲ್ಲಿ ನೊರೆಯಿದ್ದರೂ ಮುಚ್ಚಳವು ಅನೇಕ ವೇಳೆ ಬರಿಯ ಟೊಳ್ಳು. ಕೆಲವರು ಅದಕ್ಕೆ ಸಣ್ಣ ರಂಧ್ರವನ್ನು ಕೊರೆದು ಉಬ್ಬುವ ನೊರೆಯನ್ನು ತುಂಬಿಸುತ್ತಾರೆ, ಕೆಲವರು ಕಂಬಳಿ ಹೊದಿಸಿ ಸುಮ್ಮನಾಗುತ್ತಾರೆ. ತಣ್ಣನೆಯ ಪಾನೀಯಕ್ಕೆಂದು ಮಾಡಿದ ಒಳಗೋಡೆಯು 80 ಡಿಗ್ರಿಯ ನೀರನ್ನು ಮೇಲಿಂದ ಮೇಲೆ ಕಂಡು ಕಾಲಕ್ರಮದಲ್ಲಿ ಅಲ್ಲಲ್ಲಿ ಉಬ್ಬುವುದುಂಟು, ಬಿರಿಯುವುದೂ ಉಂಟು. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ, ಬಿಸಿಯನ್ನು ಬಿಡದ ಪೆಟ್ಟಿಗೆಯು ಬಿಸಿಯನ್ನು ಹೊರಗಿನಿಂದ ತೆಗೆದುಕೊಳ್ಳುವುದೂ ಇಲ್ಲ. ಗಂಜಿಯ ಬಿಸಿಯನ್ನು ಹಂತಹಂತವಾಗಿ ಏರಿಸಬೇಕೆಂಬ ಹಳೆಯ ಜರ್ಮನ್ ಕ್ರಮವನ್ನು ಇದರಲ್ಲಿ ನಡೆಸುವವನು ಕುದಿನೀರನ್ನು ಬೆರಸಬೇಕು, ಇಲ್ಲವೆ ಗಂಜಿಯ ಒಂದು ಭಾಗವನ್ನು ತೆಗೆದು ಬೇರೆ ಪಾತ್ರೆಯಲ್ಲಿ ಕುದಿಸಿ ತಂದು ಸೇರಿಸಬೇಕು. ಈಗಿನ ಮಾಲ್ಟುಗಳು ಅಷ್ಟು ಹಂತಗಳನ್ನು ಬೇಡದಷ್ಟು ಚೆನ್ನಾಗಿ ಮೊಳೆಸಿದವು ಆಗಿರುವುದರಿಂದ ಈ ಕೊರತೆಯು ಸಾಧಾರಣವಾಗಿ ಬಾಧಿಸುವುದಿಲ್ಲ.

ಬಸಿದಾದ ಮೇಲೆ ಉಳಿಯುವ ಬೆಚ್ಚಗಿನ ಹೊಟ್ಟನ್ನು ಆ ದಿನವೇ ಹೊರಗೆ ಹಾಕಬೇಕು. ಧಾನ್ಯದ ಮೇಲೆ ಸಹಜವಾಗಿಯೇ ಇರುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳು ರಾತ್ರಿ ಕಳೆಯುವುದರೊಳಗೆ ಅದನ್ನು ಹುಳಿಯಿಸಿಬಿಡುತ್ತವೆ. ಬಿಯರ್ ಕಾರ್ಖಾನೆಗಳ ಹೊಟ್ಟು ಅಲ್ಲಿಯೂ ಇಲ್ಲಿಯೂ ಹೈನುರಾಸುಗಳ ಗೋದಲಿಗೆ ಹೋಗುವುದು. ಮನೆಯವರು ಹಿಡಿಯಷ್ಟನ್ನು ರೊಟ್ಟಿಗೆ ಕಲಸಿ ಮಿಕ್ಕುದನ್ನು ಗೊಬ್ಬರದ ಗುಂಡಿಗೆ ಸುರಿಯುತ್ತಾರೆ. ಪೆಟ್ಟಿಗೆಯನ್ನು ಉಗುರು ಬಿಸಿನೀರಿನಲ್ಲಿ ಮೆತ್ತನೆಯ ಬಟ್ಟೆಯಿಂದ ತೊಳೆದು, ವಾಲ್ವನ್ನು ಬಿಚ್ಚಿ ಒಳಗೆ ಸಿಕ್ಕಿಕೊಂಡ ನುಚ್ಚನ್ನು ತೆಗೆದು, ಮುಚ್ಚಳ ತೆರೆದಿಟ್ಟು ಒಣಗಿಸಿದರೆ ಸಾಕು, ರೋಗಾಣುನಾಶಕಗಳ ಅಗತ್ಯವಿಲ್ಲ; ಏಕೆಂದರೆ ಇದರಿಂದ ಇಳಿದ ವರ್ಟು ಹಾಪ್ಸ್ ಹೂವಿನೊಡನೆ ಹಂಡೆಯಲ್ಲಿ ಒಂದು ಗಂಟೆ ಕುದಿಯಲಿಕ್ಕಿದೆ. ಮಡಿಮೈಲಿಗೆಯ ಕಟ್ಟುನಿಟ್ಟು ಶುರುವಾಗುವುದು ಕುದಿದದ್ದು ಆರಿದ ಮೇಲೆ, ಯೀಸ್ಟು ಬೀಳುವ ಪಾತ್ರೆಯಲ್ಲಿ.